ಸವಾರ ಇಳಿದ ಮೇಲೆ

ಮೇಷ್ಟ್ರು: ಎಲ್ಲಾ ಹಾಳೆ ನೋಡಿದೆ. ಒಂದರಲ್ಲೂ ಕುದುರೆ ಪೂರ್ತಿ ಕಾಣಲ್ಲವಲ್ಲೇ ಮಾರಾಯ್ತಿ! ಇಲ್ಲೊಂದು ಬೆನ್ನು, ಇಲ್ಲಿ ಎತ್ತಿ ಹಿಡಿದ ಕಾಲು, ಇಲ್ಲಿ ಬಕೆಟ್ಟಿನೊಳಗೆ ಇಳಿದ ಮೂತಿ. ಕುದುರೆ ಚಿತ್ರ ತರ್ತೀನಿ ಅಂದಿದ್ದೆ, ಕುದುರೆ ಸಾಕೋನ ಚಿತ್ರ ತಂದಿದ್ದೀಯ.

ಶಿಷ್ಯೆ: ಹತ್ತಿರ ನಿಂತರೆ ಅದು ಪೂರ್ತಿ ಕಾಣೋದೇ ಇಲ್ಲ ಮೇಷ್ಟ್ರೇ. ಪೂರ್ತಿ ಕಾಣಬೇಕು ಅಂದ್ರೆ ರಸ್ತೆಯಾಚೆ ಹೋಗಿ ನಿಲ್ಲಬೇಕು. ಅದು ಮೆರವಣಿಗೆ ನೋಡೋರು ನಿಲ್ಲೋ ಜಾಗ. ಮೈ ಉಜ್ಜೋನಿಗೆ ಕಾಣೋದು ಒಂದು ಹೆಗಲು, ಒಂದು ಕಿವಿ, ತನ್ನದೇ ಕೈ. ನಾನು ಕುದುರೆ ಸಾಕೋ ಚಾಚಾ ಪಕ್ಕದಲ್ಲಿ ನಿಂತು ಬರೆದೆ, ಅವರಿಗೆ ಕಂಡಷ್ಟೇ ನನಗೂ ಕಂಡಿತು.

ಮೇಷ್ಟ್ರು: ಜನ ಇದನ್ನ ಕುದುರೆ ಅಂತ ಒಪ್ಪಬೇಕಲ್ಲ. ಕುದುರೆ ಅಂದ್ರೆ ಓಡಬೇಕು, ಇಲ್ಲಾ ಮುಂಗಾಲೆತ್ತಿ ನಿಲ್ಲಬೇಕು. ನಾವೆಲ್ಲ ಚಿತ್ರಕಾರ ಹುಸೇನರ ಕುದುರೆ ನೋಡಿ ಬೆಳೆದವರು. ಕಲ್ಕತ್ತೆಯ ಸುನೀಲ್ ದಾಸ್ ಇದ್ದಿಲಲ್ಲಿ ಬರೆದವೂ ಅಷ್ಟೇ, ಬರೀ ಬಿರುಸು.

ಶಿಷ್ಯೆ: ಸುನೀಲ್ ದಾಸ್ ಅಭ್ಯಾಸ ಮಾಡಿದ್ದು ಪೊಲೀಸರ ಕುದುರೆ ಲಾಯದಲ್ಲಿ ಕೂತು. ಅಲ್ಲಿ ಕಲಿತದ್ದನ್ನ ಆಮೇಲೆ ಓಡಿಸಿದರು. ಓಟ ಅವರಿಗಿರಲಿ, ನನಗೆ ಆ ಲಾಯವೇ ಸಾಕು.

ಮೇಷ್ಟ್ರು: ಓಟದ ವಿಷಯಕ್ಕೆ ಬಂದ್ರೆ ಒಂದು ತಮಾಷೆ ಇದೆ. ನೂರಾರು ವರ್ಷ ಯುರೋಪಿನವರು ಓಡೋ ಕುದುರೆಯನ್ನ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿಸಿ ಗಾಳಿಯಲ್ಲಿ ತೇಲಿಸಿಬಿಟ್ಟರು. 1878ರಲ್ಲಿ ಮೈಬ್ರಿಜ್ ಸಾಲಾಗಿ ಕ್ಯಾಮೆರಾ ಇಟ್ಟು ಫೋಟೋ ತೆಗೆದಾಗ ಗೊತ್ತಾಯ್ತು, ನಾಲ್ಕೂ ಕಾಲು ನೆಲ ಬಿಡೋದು ಹೊಟ್ಟೆಯ ಕೆಳಗೆ ಮಡಿಚಿಕೊಂಡಾಗ ಅಂತ. ಅಷ್ಟು ದೊಡ್ಡ ಕಲಾವಿದರೆಲ್ಲ ಕಣ್ಣಿಗೆ ಕಾಣದ್ದನ್ನ ಊಹಿಸಿ ಬರೆದಿದ್ದರು.

ಶಿಷ್ಯೆ: ನಿಂತ ಕುದುರೆ ಸುಲಭ ಅಂತ ನಾನೂ ಅಂದ್ಕೊಂಡಿದ್ದೆ. ಹಾಗೇನಿಲ್ಲ. ನಿಂತೇ ತೂಕಡಿಸುತ್ತೆ, ಒಂದು ಹಿಂಗಾಲಿನ ಗೊರಸಿನ ತುದಿಯನ್ನ ಮಾತ್ರ ನೆಲಕ್ಕೆ ಊರಿ ಆ ಕಾಲಿಗೆ ವಿಶ್ರಾಂತಿ ಕೊಡುತ್ತೆ. ಆಗ ಸೊಂಟದ ಒಂದು ಕಡೆ ಇಳಿಯುತ್ತೆ. ಸ್ವಲ್ಪ ಹೊತ್ತು ಬಿಟ್ಟು ಕಾಲು ಬದಲಾಯಿಸುತ್ತೆ, ನನ್ನ ಗೆರೆಯೆಲ್ಲ ಹಾಳಾಗುತ್ತೆ. ಕಿವಿ ಕೇಳಲೇಬೇಡಿ. ಒಂದು ಕಿವಿ ನನ್ನ ಕಡೆ, ಇನ್ನೊಂದು ಚಾಚಾ ಕಡೆ. ಅವರು ಗಂಟಲು ಸರಿ ಮಾಡಿಕೊಂಡರೂ ಸಾಕು, ನನ್ನ ಕಡೆ ಇದ್ದದ್ದೂ ಅತ್ತ ತಿರುಗುತ್ತೆ.

ಮೇಷ್ಟ್ರು: ನಮ್ಮ ಶಿವಮೊಗ್ಗದಲ್ಲಿ ಕುದುರೆ ಬೇಕು ಅಂದ್ರೆ ತುಂಗೆಯ ದಡಕ್ಕೆ, ಶಿವಪ್ಪ ನಾಯಕನ ಅರಮನೆಗೆ ಹೋದರಾಯ್ತು. ಅಂಗಳದ ತುಂಬ ಕಲ್ಲಿನ ಕುದುರೆ.

ಶಿಷ್ಯೆ: ಅಲ್ಲಿಂದಲೇ ನನಗೆ ಇದು ಶುರುವಾಗಿದ್ದು. ವೀರಗಲ್ಲುಗಳನ್ನ ಕೆಳಗಿಂದ ಓದಿ ನೋಡಿ. ಕೆಳಪಟ್ಟಿಯಲ್ಲಿ ಯುದ್ಧ, ಅಲ್ಲಿ ಕುದುರೆ ಇದೆ, ಮೇಲೆ ಕತ್ತಿ ಹಿಡಿದ ವೀರ. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನ ಕರೆದುಕೊಂಡು ಹೋಗ್ತಾರೆ. ಮೇಲಿನ ಪಟ್ಟಿಯಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ನಾನು ನೋಡಿದ ಕಲ್ಲುಗಳಲ್ಲಿ ಕುದುರೆ ಕೆಳಪಟ್ಟಿಯಲ್ಲೇ ಉಳಿದುಬಿಟ್ಟಿದೆ. ಸವಾರ ಕೈಲಾಸ ಸೇರಿದ. ಆ ಸಂಜೆ ಕುದುರೆಯ ಲಗಾಮು ಹಿಡಿದು ಊರಿಗೆ ತಂದವರು ಯಾರು? ಜೀನು ಬಿಚ್ಚಿ, ಗಾಯ ತೊಳೆದು, ನೀರು ಕುಡಿಸಿದವರು ಯಾರು?

ಮೇಷ್ಟ್ರು: ಕಲ್ಲು ನಿಲ್ಲಿಸಿದವರು ಶಿಲ್ಪಿಗೆ ಅದನ್ನ ಹೇಳಿರಲಿಲ್ಲ. ವೀರನ ಮನೆಯವರಿಗೆ ವೀರ ಮುಖ್ಯ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯಲ್ಲೂ ಇದೇ ಕತೆ. 1780ರ ಪೊಲ್ಲಿಲೂರು ಯುದ್ಧ, ಗೋಡೆ ತುಂಬ ಕುದುರೆ, ಪ್ರತಿಯೊಂದರ ಮೇಲೂ ಒಬ್ಬ. ಮೈಸೂರು ಅರಮನೆಯ ಕಲ್ಯಾಣ ಮಂಟಪದ ದಸರಾ ಮೆರವಣಿಗೆಯ ಚಿತ್ರಗಳಿಗೆ ಬಾ, ಅಲ್ಲೂ ಸಾಲಂಕೃತ ಕುದುರೆ, ಸೆಟೆದು ಕೂತ ಸವಾರರು. ಆದರೆ ಹಂಪಿಯನ್ನ ನೀನು ಬಿಟ್ಟುಬಿಟ್ಟೆ. ಹಜಾರರಾಮನ ಗುಡಿಯ ಪ್ರಾಕಾರದ ಹೊರಗೋಡೆ ನೋಡಿದೀಯಲ್ಲ? ಆನೆ ಸಾಲಿನ ಮೇಲೆ ಕುದುರೆ ಸಾಲು. ಅಲ್ಲಿ ಕುದುರೆ ಹಿಡಿದು ನಡೆಸೋರಿದ್ದಾರೆ.

ಶಿಷ್ಯೆ: ಇದ್ದಾರೆ. ನೆಲದ ಮೇಲೆ, ಕುದುರೆಯ ಮುಖದ ಪಕ್ಕದಲ್ಲಿ. 15ನೇ ಶತಮಾನದ ಆ ಗೋಡೆಯನ್ನ ನಾನು ಬಿಟ್ಟಿಲ್ಲ. ಅಲ್ಲಿ ಮಾತ್ರ ಕುದುರೆಗೂ ಮನುಷ್ಯನಿಗೂ ಸಮನಾದ ಜಾಗ ಸಿಕ್ಕಿದೆ ಅನ್ನಿಸುತ್ತೆ.

ಮೇಷ್ಟ್ರು: ಸಿಗದೆ ಏನು, ಅಷ್ಟು ಬೆಲೆಯ ಸರಕು ಅದು! ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿಟ್ಟಿದ್ದಾನೆ, ವಿಜಯನಗರದ ರಾಜ ವರ್ಷಕ್ಕೆ 13,000 ಹೊರ್ಮುಜ್ ಕುದುರೆ ಕೊಳ್ತಿದ್ದ ಅಂತ. ಹಡಗಿನಲ್ಲೇ ಸತ್ತದ್ದರ ಬಾಲ ತಂದು ತೋರಿಸಿದರೂ ದುಡ್ಡು ಸಿಗ್ತಿತ್ತಂತೆ. ಲೆಕ್ಕ ಹೆಚ್ಚು ಕಡಿಮೆ ಇರಬಹುದು, ಆ ಬಾಲದ ಮಾತು ಮಾತ್ರ ನನಗೆ ಮರೆಯಲ್ಲ. ಆಮೇಲೆ ಆ ಕುದುರೆ ಇಳೀತಿದ್ದ ಕರಾವಳಿಯ ಕೆಲವು ಬಂದರುಗಳು ನಮ್ಮ ಕೆಳದಿಯವರ ಕೈಗೆ ಬಂದವು. ಕೆಳದಿ ಬಸವಪ್ಪ ನಾಯಕನ ಶಿವತತ್ತ್ವರತ್ನಾಕರದಲ್ಲಿ ಕುದುರೆಯ ಶಾಸ್ತ್ರಕ್ಕೇ ಬೇರೆ ಭಾಗ ಇದೆ. 18ನೇ ಶತಮಾನದ ಆರಂಭದ ಗ್ರಂಥ ಅದು. ಅದಕ್ಕೂ ಹಿಂದೆ, 1130ರ ಸುಮಾರಿಗೆ ಕಲ್ಯಾಣದ ಚಾಲುಕ್ಯ ಸೋಮೇಶ್ವರ ಮಾನಸೋಲ್ಲಾಸ ಬರೆದ. ಅದರಲ್ಲಿ ಕುದುರೆ ಲಕ್ಷಣವೂ ಇದೆ, ಚಿತ್ರ ಬರೆಯೋ ವಿಧಾನವೂ ಇದೆ. ಎಮ್ಮೆಯ ಚರ್ಮ ಕುದಿಸಿ ವಜ್ರಲೇಪ ಅನ್ನೋ ಅಂಟು ಮಾಡಿ, ಅದನ್ನ ಬಳಸಿ ಗೋಡೆ ಸಿದ್ಧ ಮಾಡಬೇಕು ಅಂತಾನೆ. ಒಂದೇ ಪುಸ್ತಕದಲ್ಲಿ ಎರಡೂ ಇದ್ದರೂ ಲಾಯವನ್ನ ಚಿತ್ರಕ್ಕೆ ತರಬೇಕು ಅಂತ ರಾಜನಿಗೆ ಯಾಕೆ ತೋಚಲಿಲ್ಲವೋ.

ಶಿಷ್ಯೆ: ರಾಜ ಲಾಯಕ್ಕೆ ಬರೋ ಹೊತ್ತಿಗೆ ಲದ್ದಿ ಎತ್ತಿ ಆಗಿರುತ್ತೆ ಮೇಷ್ಟ್ರೇ.

ಮೇಷ್ಟ್ರು: ಹ್ಹ! ಇದು ಸರಿ.

ಶಿಷ್ಯೆ: ಆ ಶಾಸ್ತ್ರದಲ್ಲಿ ಬರೋ ಸುಳಿ ವಿಚಾರ ಚಾಚಾಗೂ ಬಾಯಿಪಾಠ. ಹಣೆಯಲ್ಲಿ ಸುಳಿ ಎಲ್ಲಿರಬೇಕು, ಯಾವ ಸುಳಿಯ ಕುದುರೆ ಮನೆಗೆ ತರಬಾರದು, ನಾಲ್ಕು ಕಾಲು ಮತ್ತು ಮುಖ ಬೆಳ್ಳಗಿದ್ದರೆ ಪಂಚಕಲ್ಯಾಣಿ, ಅದಕ್ಕೆ ಬೆಲೆ ಯಾಕೆ ಜಾಸ್ತಿ, ಎಲ್ಲಾ ಹೇಳ್ತಾರೆ. ಶುಭ ಅಶುಭ ನನಗೆ ಬೇಡ. ಆದರೆ ಸುಳಿ ಇರೋ ಕಡೆ ಕೂದಲು ದಿಕ್ಕು ಬದಲಿಸುತ್ತೆ, ಬೆಳಕೂ ಅಲ್ಲೇ ಒಡೆಯುತ್ತೆ. ಹಣೆಯ ಸುಳಿ ಬರೆಯದೆ ಹೋದರೆ ಮುಖ ಚಪ್ಪಟೆಯಾಗಿ ಕೂರುತ್ತೆ. ಅವರು ಭಾಗ್ಯ ಹುಡುಕೋ ಜಾಗದಲ್ಲಿ ನಾನು ನೆರಳು ಹುಡುಕ್ತಾ ಇದ್ದೆ, ಇಬ್ಬರ ಬೆರಳೂ ಒಂದೇ ಕಡೆ.

ಮೇಷ್ಟ್ರು: ನಿನ್ನ ಚಾಚಾ ಜಟಕಾದವರ ಮನೆಯವರಾ?

ಶಿಷ್ಯೆ: ಅವರ ತಂದೆ, ಅಜ್ಜ ಇಬ್ಬರೂ ಜಟಕಾ ಹೊಡೆದವರು. ಇವರದ್ದು ಮದುವೆ ಕುದುರೆ.

ಮೇಷ್ಟ್ರು: 1899ರಲ್ಲಿ ಬೀರೂರಿಂದ ನಮ್ಮ ಊರಿಗೆ ರೈಲು ಬಂತು. ರೈಲು ಬಂದ ಮೇಲೆ ಸ್ಟೇಷನ್ನಿಂದ ಮನೆಗೆ ಹೋಗೋಕೆ ಜಟಕಾ ಬೇಕಾಯ್ತು. ನಾನು ಹುಡುಗನಾಗಿದ್ದಾಗಲೂ ಸ್ಟೇಷನ್ ಎದುರು ಸಾಲಾಗಿ ನಿಂತಿರ್ತಿದ್ದವು. ಒಳಗೆ ಹುಲ್ಲು ಹಾಸಿ ಮೇಲೊಂದು ಜಮಖಾನ. ಹಿಂದೆ ಭಾರ ಜಾಸ್ತಿಯಾದರೆ ‘ಮುಂದೆ ಬನ್ನಿ, ಮುಂದೆ ಬನ್ನಿ’ ಅಂತ ಸಾಬರು ಕೂಗೋರು. ಗಾಡಿ ಹಿಂದಕ್ಕೆ ವಾಲಿದರೆ ಕುದುರೆಯ ಹೊಟ್ಟೆಪಟ್ಟಿ ಎಳೆಯುತ್ತೆ, ಪಾಪ. ಡಿವಿಜಿಯವರು ಮಂಕುತಿಮ್ಮನ ಕಗ್ಗದಲ್ಲಿ ಬದುಕನ್ನ ಜಟಕಾ ಬಂಡಿ ಮಾಡಿದರು, ವಿಧಿಯನ್ನ ಸಾಹೇಬ ಮಾಡಿದರು, ನಮ್ಮನ್ನ ಕುದುರೆ ಮಾಡಿದರು. ಆ ಸಾಹೇಬ ಸಂಜೆ ಕುದುರೆಗೆ ಏನು ಹಾಕ್ತಾನೆ ಅಂತ ಪದ್ಯದಲ್ಲಿ ಬರಲ್ಲ ನೋಡು. ವಿಧಿಗೆ ಆ ಕೆಲಸ ಇಲ್ಲವೋ ಏನೋ.

ಶಿಷ್ಯೆ: ಬಳ್ಳಿಗಾವಿಯ ಅಲ್ಲಮನ ವಚನದಲ್ಲೂ ಸಿಟ್ಟೆಲ್ಲ ಕುದುರೆ ಏರಲಾರದೆ ಜೀನು ಹೊತ್ತು ಬಳಲೋರ ಮೇಲೇ. ಕುದುರೆ ವಿಷಯದಲ್ಲಿ ನಮ್ಮವರು ಯಾವಾಗಲೂ ಸವಾರನನ್ನ ಬೈಯೋಕೆ ಹೋಗಿ ಕುದುರೆಯನ್ನ ಮರೆತಿದ್ದಾರೆ.

ಮೇಷ್ಟ್ರು: ಅಲ್ಲಮನನ್ನ ಬಿಡು, ಅವನ ಕುದುರೆಗೆ ಹುಲ್ಲೂ ಬೇಡ, ನೀರೂ ಬೇಡ. ಜಟಕಾ ಸಾಬರ ಮನೆಯ ಹುರುಳಿ ಗೊತ್ತಾ ನಿನಗೆ?

ಶಿಷ್ಯೆ: ಈ ಹಾಳೆ ಅದೇ. ಚಾಚಾ ಮನೆಯ ಹಿತ್ತಲ ಒಲೆ, ಮಸಿ ಹಿಡಿದ ದೊಡ್ಡ ಪಾತ್ರೆ. ರಾತ್ರಿ ನೆನೆಹಾಕಿದ ಹುರುಳಿ ಬೆಳಗ್ಗೆ ಬೇಯುತ್ತೆ. ಮೇಲಿನ ಕಟ್ಟನ್ನ ಚಾಚಿ ಬಸಿದುಕೊಂಡು ಮನೆಯ ಸಾರಿಗೆ ಇಟ್ಕೊಳ್ತಾರೆ. ಕಾಳು ಆರಿದ ಮೇಲೆ ತೌಡು, ಒಂದು ಹಿಡಿ ಉಪ್ಪು ಹಾಕಿ ಕಲಸಿ ಕುದುರೆಗೆ. ಒಂದೇ ಪಾತ್ರೆಯಿಂದ ಇಬ್ಬರಿಗೂ ಊಟ. ಕಾಳು ಬಿಸಿ ಇದೆಯಾ ಅಂತ ಅವರು ಮೊಣಕೈವರೆಗೂ ಕೈ ಇಳಿಸಿ ನೋಡ್ತಾರೆ. ನಾನು ಬರೆದದ್ದು ಆ ಕೈ. ಹಿಂದೆ ಬಾಗಿಲಲ್ಲಿ ಮಸುಕಾಗಿ ಕಾಣ್ತಿದೆಯಲ್ಲ, ಅದು ಕುದುರೆಯ ಮೂಗು. ವಾಸನೆ ಹಿಡಿದು ಹಗ್ಗ ಎಳೆದುಕೊಂಡು ಅಲ್ಲಿವರೆಗೆ ಬಂದುಬಿಡುತ್ತೆ.

ಮೇಷ್ಟ್ರು: ಹಂ. ಇದನ್ನ ನಾನು ಸರಿಯಾಗಿ ನೋಡಿರಲಿಲ್ಲ. ಕೊಡು ಇಲ್ಲಿ. ಈ ಮಸಿ ಬಣ್ಣ ಯಾವುದರದ್ದು?

ಶಿಷ್ಯೆ: ಇದ್ದಿಲು. ಕಾಗದ ನಮ್ಮ ಭದ್ರಾವತಿಯ ಪೇಪರ್ ಟೌನಿನದೇ. ಅಪ್ಪ ಕಾರ್ಖಾನೆಯಲ್ಲಿದ್ದಾಗ ತಂದಿಟ್ಟ ನ್ಯೂಸ್‌ಪ್ರಿಂಟ್. ಅಂಚೆಲ್ಲ ಹಳದಿಯಾಗಿತ್ತು, ಆ ಹಳದಿಯೇ ನನಗೆ ಬೇಕಾದ ಬೆಳಗಿನ ಬೆಳಕು ಕೊಡ್ತು. ಕೆಂಪು ಬಣ್ಣ ಮಾತ್ರ ಕೆಮ್ಮಣ್ಣು, ಅರೆದು ಸೋಸಿ ಗೋಂದು ಬೆರೆಸಿದ್ದು.

ಮೇಷ್ಟ್ರು: ಭದ್ರಾವತಿಯವಳು ಭದ್ರಾವತಿಯಲ್ಲೇ ಎಲ್ಲಾ ಹುಡುಕಿಕೊಂಡೆ ಅನ್ನು! 1923ರಲ್ಲಿ ಅಲ್ಲಿ ಕಬ್ಬಿಣದ ಕುಲುಮೆ ಹತ್ತಿಸಿದಾಗ ಕಲ್ಲಿದ್ದಲು ಇರಲಿಲ್ಲ. ಮಲೆನಾಡಿನ ಮರ ಸುಟ್ಟ ಇದ್ದಿಲಲ್ಲೇ ಕೆಮ್ಮಣ್ಣುಗುಂಡಿಯ ಅದಿರು ಕರಗಿಸಿದ್ದು. 1936ರಲ್ಲಿ ಕಾಗದದ ಕಾರ್ಖಾನೆ. ಇದ್ದಿಲು, ಕೆಮ್ಮಣ್ಣು, ಕಾಗದ, ಮೂರೂ ಒಂದೇ ಊರಲ್ಲಿ. ವಿಶ್ವೇಶ್ವರಯ್ಯನವರು ಚಿತ್ರಕಲಾ ಶಾಲೆ ತೆಗೆದಿದ್ದರೂ ಇಷ್ಟು ಸಾಮಾನು ಕೂಡಿಸ್ತಿರಲಿಲ್ಲ. ಆದರೆ ನೆನಪಿಡು, ನ್ಯೂಸ್‌ಪ್ರಿಂಟ್ ಮೇಲೆ ಬರೆದದ್ದು ಬಾಳಲ್ಲ. ಇನ್ನಷ್ಟು ಹಳದಿಯಾಗಿ ಪುಡಿಯಾಗುತ್ತೆ. ಕಾರ್ಖಾನೆಯೂ 2015ರಿಂದ ನಿಂತಿದೆ, ಮತ್ತೆ ಬೇಕು ಅಂದ್ರೆ ಸಿಗಲ್ಲ.

ಶಿಷ್ಯೆ: ಇವು ಕರಡು. ದೊಡ್ಡವನ್ನ ಬಟ್ಟೆಯ ಮೇಲೆ ಬರೀತೀನಿ. ಬಾಲಕ್ಕೆ ಮಾತ್ರ ಅಂಗಡಿಯ ಬ್ರಶ್ಶು ಬೇಡ. ಸಾಗರದ ಕಡೆ ದೀವರ ಮನೆಗಳಲ್ಲಿ ಹಸೆ ಚಿತ್ತಾರಕ್ಕೆ ಪುಂಡಿ ನಾರಿನ ಕುಂಚ ಮಾಡ್ತಾರಲ್ಲ, ಅದರಲ್ಲಿ ಎಳೆದರೆ ಗೆರೆ ಒಂದೇ ದಪ್ಪ ಬರುತ್ತೆ, ಕೂದಲು ಕೂದಲಾಗಿ ನಿಲ್ಲುತ್ತೆ.

ಮೇಷ್ಟ್ರು: ಮದುವೆ ಕುದುರೆ ಅಂತೀಯ, ಬಿಳಿ ಬಣ್ಣವೇ ಕಾಣಲ್ಲವಲ್ಲ ಇಲ್ಲಿ?

ಶಿಷ್ಯೆ: ಬಿಳಿ ಕುದುರೆಯಲ್ಲಿ ಬಿಳಿ ಎಲ್ಲಿದೆ ಮೇಷ್ಟ್ರೇ? ಇಂಥವು ಹುಟ್ಟುವಾಗ ಕಪ್ಪೋ ಕಂದೋ ಇರುತ್ತವೆ, ವರ್ಷ ಹೋದ ಹಾಗೆ ಕೂದಲು ಬೆಳ್ಳಗಾಗುತ್ತೆ. ಕೆಳಗಿನ ಚರ್ಮ ಕೊನೆವರೆಗೂ ಕಪ್ಪೇ. ಒದ್ದೆ ಮಾಡಿದ ಕೂಡಲೇ ಮೈಯೆಲ್ಲ ಬೂದು ನೀಲಿ. ಮೂತಿಯ ಹತ್ತಿರ ಕೂದಲು ಕಡಿಮೆ, ಅಲ್ಲಿ ಒಣಗಿದ್ದಾಗಲೂ ಕಪ್ಪು ಕಾಣುತ್ತೆ. ಮೇಲೆ ಚಾಚಾ ಕಟ್ಟಿದ ನೀಲಿ ಟಾರ್ಪಾಲು ಬೇರೆ, ಮಧ್ಯಾಹ್ನ ಇಡೀ ಲಾಯ ನೀಲಿಯಾಗುತ್ತೆ. ಬಾಲದ ತುದಿಗೆ ಮದರಂಗಿ. ನಾನು ಬಿಳಿ ಬಣ್ಣದ ಟ್ಯೂಬು ತೆಗೆದಿದ್ದು ಒಂದೇ ಕಡೆ, ಬಕೆಟ್ಟಿನ ನೀರಿನ ಮಿಂಚಿಗೆ.

ಮೇಷ್ಟ್ರು: ಬಣ್ಣ ಒಪ್ಪಿದೆ. ಈಗ ನನ್ನ ಅನುಮಾನ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಈ ಜಾತಿ ಚಿತ್ರಗಳು ಬೇಗ ಮುದ್ದಾಗಿಬಿಡ್ತವೆ. ಕುದುರೆಯ ಕತ್ತಿಗೆ ಕೆನ್ನೆ ಒತ್ತಿದ ಮುದುಕ, ಸಂಜೆ ಬೆಳಕು, ಕ್ಯಾಲೆಂಡರಿಗೆ ಹೇಳಿ ಮಾಡಿಸಿದ್ದು. ಆ ಕುದುರೆ ಅವರ ಹೊಟ್ಟೆಪಾಡು. ಡಿ.ಜೆ. ಸದ್ದಿನ ಮಧ್ಯೆ, ಪಟಾಕಿ ಮಧ್ಯೆ ಗಂಟೆಗಟ್ಟಲೆ ನಿಲ್ಲಿಸ್ತಾರೆ. ಅದು ಬೇಡ ಅಂದ್ರೂ ಬಿಡಲ್ಲ. ಅದನ್ನ ಬಿಟ್ಟು ಬರೀ ಪ್ರೀತಿ ಬರೆದರೆ ಅರ್ಧ ಸುಳ್ಳು.

ಶಿಷ್ಯೆ: ಹೊಟ್ಟೆಪಟ್ಟಿ ಉಜ್ಜಿ ಕೂದಲು ಹೋದ ಜಾಗ ಇಲ್ಲಿದೆ ನೋಡಿ. ಇದನ್ನ ಬರೆಯುವಾಗ ಚಾಚಾ ಮುಖ ಆ ಕಡೆ ತಿರುಗಿಸಿಕೊಂಡರು. ‘ಇದನ್ನ ಬಿಡಮ್ಮಾ’ ಅಂದರು. ನಾನು ಬಿಡಲಿಲ್ಲ. ಅವರೂ ಮತ್ತೆ ಹೇಳಲಿಲ್ಲ. ಮಾರನೆ ವಾರ ಹೋದಾಗ ಪಟ್ಟಿಗೆ ಹಳೆ ಕಂಬಳಿ ಸುತ್ತಿ ಹೊಲಿದಿದ್ದರು. ಮೆರವಣಿಗೆಗೆ ಹೊರಡೋ ಮುಂಚೆ ಕುದುರೆ ಕಿವಿಗೆ ಹತ್ತಿ ತುರುಕುತ್ತಾರೆ, ತಮ್ಮ ಕಿವಿಗೆ ಇಟ್ಟುಕೊಳ್ಳಲ್ಲ. ಯಾಕೆ ಅಂದ್ರೆ, ಕುದುರೆ ಉಸಿರು ಬದಲಾದರೆ ಕೇಳಿಸಬೇಕಂತೆ. ಆ ಗದ್ದಲದಲ್ಲಿ!

ಮೇಷ್ಟ್ರು: ಕೇಳಿಸುತ್ತಾ?

ಶಿಷ್ಯೆ: ಕೈಗೆ ಕೇಳಿಸುತ್ತೆ ಅಂತಾರೆ. ಒಂದು ಕೈ ಯಾವಾಗಲೂ ಹೆಗಲ ದಿಬ್ಬದ ಮೇಲೆ, ಕತ್ತು ಬೆನ್ನು ಸೇರೋ ಕಡೆ. ಹೆದರಿದಾಗ ಅಲ್ಲೇ ಕೆರೆಯುತ್ತಾರೆ. ಕುದುರೆಗಳು ಒಂದಕ್ಕೊಂದು ಹಲ್ಲಲ್ಲಿ ಕೆರೆದುಕೊಳ್ಳೋದೂ ಆ ಜಾಗದಲ್ಲೇ. 1993ರಲ್ಲಿ ಫ್ರಾನ್ಸಿನ ಕಾಮಾರ್ಗ್ ಕುದುರೆಗಳ ಮೇಲೆ ಪರೀಕ್ಷೆ ಮಾಡಿ ನೋಡಿದರು, ಅಲ್ಲಿ ಕೆರೆದರೆ ಎದೆಬಡಿತ ನಿಧಾನ ಆಗುತ್ತೆ. ಬೇರೆ ಕಡೆ ಕೆರೆದರೆ ಹಾಗಾಗಲ್ಲ.

ಮೇಷ್ಟ್ರು: ಇಂಗ್ಲೆಂಡಿನ ಚಿತ್ರಕಾರ ಸ್ಟಬ್ಸ್‌ನ ಹ್ಯಾಂಬಲ್ಟೋನಿಯನ್ ಚಿತ್ರದಲ್ಲಿ ಲಾಯದ ಹುಡುಗನ ಕೈ ಅಲ್ಲೇ ಇದೆ! ತಾಳು, ಪುಸ್ತಕ ತೆಗೀತೀನಿ. ಇಲ್ಲಿದೆ. 1799ರಲ್ಲಿ ನ್ಯೂಮಾರ್ಕೆಟ್‌ನಲ್ಲಿ ರೇಸು ಗೆದ್ದ ಕುದುರೆ. ಕೊನೆಯವರೆಗೆ ಚಾವಟಿ, ಮೈ ಪೂರ್ತಿ ಸೋತುಹೋಗಿತ್ತು. ಗೆದ್ದ ಕುದುರೆಯ ಚಿತ್ರ ಬರಿ ಅಂತ ಯಜಮಾನ ಹೇಳಿದ. ಸ್ಟಬ್ಸ್ ಬರೆದದ್ದು ಓಟ ಮುಗಿದ ಮೇಲಿನ ಗಳಿಗೆ. ಒಬ್ಬ ಲಗಾಮು ಹಿಡಿದಿದ್ದಾನೆ, ಹುಡುಗ ಮೈ ಒರೆಸೋಕೆ ನಿಂತಿದ್ದಾನೆ. ಜಾಕಿ ಇಲ್ಲ, ಯಜಮಾನ ಇಲ್ಲ. ಹನ್ನೆರಡಡಿ ಅಗಲದ ಚಿತ್ರ, ಬರೆದಾಗ ಅವನಿಗೆ ಎಪ್ಪತ್ತೈದು ದಾಟಿತ್ತು. ಯಜಮಾನ ದುಡ್ಡು ಕೊಡಲಿಲ್ಲ, ಇವನು ಕೋರ್ಟು ಹತ್ತಿ ವಸೂಲಿ ಮಾಡಿದ.

ಶಿಷ್ಯೆ: ಈ ಹುಡುಗ ನಮ್ಮನ್ನ ಎಷ್ಟು ನೇರ ನೋಡ್ತಾನೆ! ಕೆಲಸ ಇದೆ, ಬೇಗ ನೋಡಿ ಹೋಗಿ ಅನ್ನೋ ಹಾಗಿದೆ.

ಮೇಷ್ಟ್ರು: ಅದೇ ನಾನು ಹೇಳಿದ್ದು. ಮುದ್ದು ಇಲ್ಲ ಇದರಲ್ಲಿ. ಸ್ಟಬ್ಸ್ ತರುಣನಾಗಿದ್ದಾಗ ಹಾರ್ಕ್‌ಸ್ಟೋ ಅನ್ನೋ ಹಳ್ಳಿಯಲ್ಲಿ ಸತ್ತ ಕುದುರೆಗಳನ್ನ ಕೊಕ್ಕೆಗೆ ತೂಗುಹಾಕಿ, ಚರ್ಮ ಬಿಡಿಸಿ, ಪದರ ಪದರವಾಗಿ ಬರೆದವನು. 1766ರಲ್ಲಿ ಅದರ ಪುಸ್ತಕ ಬಂತು. ಒಳಗಿನ ಎಲುಬು ಸ್ನಾಯು ಗೊತ್ತಿದ್ದವನಿಗೆ ಹೊರಗೆ ಸಕ್ಕರೆ ಬಳಿಯೋ ಅಗತ್ಯ ಬೀಳಲ್ಲ.

ಶಿಷ್ಯೆ: ನಾನು ಚರ್ಮ ಬಿಡಿಸಲ್ಲಪ್ಪಾ. ಆದರೆ ಚಾಚಾ ನನ್ನ ಕೈಗೂ ಕೆಲಸ ಹಚ್ಚಿದ್ದಾರೆ. ಮೊದಲ ದಿನವೇ ಹೇಳಿದರು, ಸುಮ್ಮನೆ ಕೂತು ನೋಡಿದರೆ ಕುದುರೆಗೆ ಅನುಮಾನ ಬರುತ್ತೆ, ಏನಾದರೂ ಮಾಡು ಅಂತ. ಗೊರಸು ಕೆರೆಯೋಕೆ ಕೊಟ್ಟರು. ಕಾಲಿನ ಹಿಂದೆ ಕೈ ಜಾರಿಸಿ ಮೆಲ್ಲಗೆ ಒತ್ತಿದರೆ ತಾನೇ ಎತ್ತಿ ಕೊಡುತ್ತೆ. ಒಳಗೆ ಲದ್ದಿ, ಮಣ್ಣು, ಕಲ್ಲು. ನಡುವೆ ಮೆತ್ತಗಿನ ಭಾಗ ಇದೆ, ಅದಕ್ಕೆ ಕೊಕ್ಕೆ ತಾಗಬಾರದು. ಅಷ್ಟು ದೊಡ್ಡ ಪ್ರಾಣಿಯ ಕಾಲಿನ ತೂಕ ತೊಡೆಯ ಮೇಲೆ ಬಿದ್ದಾಗಲೇ ನನಗೆ ಗೊತ್ತಾಗಿದ್ದು, ನಾನು ಮೊದಲು ಬರೆದ ಕಾಲುಗಳಿಗೆಲ್ಲ ತೂಕವೇ ಇರಲಿಲ್ಲ ಅಂತ. ಲಾಳ ಹೊಡೆಯೋರು ಆರು ವಾರಕ್ಕೋ ಎಂಟು ವಾರಕ್ಕೋ ಬರ್ತಾರೆ. ಅವರು ಬಂದ ದಿನ ಗೊರಸು ಸುಟ್ಟ ವಾಸನೆ ಬೀದಿ ತುಂಬ.

ಮೇಷ್ಟ್ರು: ಈ ಹಾಳೆ ಏನು? ಒಂದು ಬೆಳಕಿನ ಚುಕ್ಕಿ, ಉಳಿದದ್ದೆಲ್ಲ ಕಪ್ಪು. ಹೊಟ್ಟೆಗೆ ಕಿವಿ ಇಟ್ಟಿದ್ದಾರಾ ಯಾರೋ?

ಶಿಷ್ಯೆ: ಅದನ್ನ ಅಲ್ಲೇ ಬರೆಯಲಿಲ್ಲ, ನೆನಪಿನಿಂದ ಬರೆದೆ. ಯಾವುದೋ ಮದುವೆಯಲ್ಲಿ ಹುಡುಗರು ಕುದುರೆಗೆ ಬುಟ್ಟಿ ತುಂಬ ಮಿಕ್ಕ ಅನ್ನ, ಕೇಸರಿಬಾತು ತಿನ್ನಿಸಿಬಿಟ್ಟಿದ್ದರು. ರಾತ್ರಿ ಹೊಟ್ಟೆಶೂಲೆ ಶುರುವಾಯ್ತು. ಮುಂಗಾಲಲ್ಲಿ ನೆಲ ಕೆರೆಯುತ್ತೆ, ತಿರುಗಿ ತಿರುಗಿ ಪಕ್ಕೆ ನೋಡಿಕೊಳ್ಳುತ್ತೆ, ಮಲಗಿ ಹೊರಳೋಕೆ ಹೋಗುತ್ತೆ. ಕುದುರೆಗೆ ವಾಂತಿ ಮಾಡೋಕೆ ಆಗಲ್ಲ ಮೇಷ್ಟ್ರೇ, ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು. ಅದಕ್ಕೇ ಶೂಲೆ ಅಂದ್ರೆ ಅವರಿಗೆ ಅಷ್ಟು ಭಯ. ನಾನು ಹೋಗೋ ಹೊತ್ತಿಗೆ ಡಾಕ್ಟರಿಗೆ ಫೋನು ಮಾಡಿ, ಕುದುರೆಯನ್ನ ಬೀದಿಯಲ್ಲಿ ನಿಧಾನ ನಡೆಸ್ತಾ ಇದ್ದರು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲಿಸೋದು, ಪಕ್ಕೆಗೆ ಕಿವಿ ಇಡೋದು. ಕರುಳು ಗುಡುಗುಡು ಅಂದ್ರೆ ಜೀವ ಇದೆ, ಸದ್ದಿಲ್ಲ ಅಂದ್ರೆ ಅಪಾಯ. ‘ಎಲ್ಲರೂ ಸುಮ್ಮನಿರಿ’ ಅಂತ ಬೀದಿಯವರಿಗೆಲ್ಲ ಗದರಿದರು. ಟಿ.ವಿ.ಗಳೂ ಆಫ್ ಆದವು.

ಮೇಷ್ಟ್ರು: ಆಗ ನೀನು ಹಾಳೆ ತೆಗೆಯಲಿಲ್ಲ.

ಶಿಷ್ಯೆ: ಮೊಬೈಲ್ ಟಾರ್ಚ್ ಹಿಡಿದಿದ್ದೆ. ಡಾಕ್ಟರ್ ಬಂದು ಇಂಜೆಕ್ಷನ್ ಕೊಟ್ಟು, ಮೂಗಿನ ಮೂಲಕ ಕೊಳವೆ ಇಳಿಸಿ ಎಣ್ಣೆ ಹಾಕಿದರು. ಬೆಳಗಿನ ಜಾವಕ್ಕೆ ಲದ್ದಿ ಹಾಕ್ತು. ಆ ಲದ್ದಿ ನೋಡಿ ಚಾಚಿ ಅತ್ತುಬಿಟ್ಟರು. ಆಮೇಲೆ ಎಲ್ಲರಿಗೂ ಚಹಾ.

ಮೇಷ್ಟ್ರು: ಸಕ್ರೆಬೈಲಿನ ಆನೆ ಬಿಡಾರದಲ್ಲಿ ಆನೆಗೆ ಮೈ ತೊಳೆಯೋದನ್ನ ನೋಡೋಕೆ ಜನ ಟಿಕೆಟ್ ತಗೊಂಡು ಸಾಲು ನಿಲ್ತಾರೆ. ಮಾವುತರು ಕಾವಾಡಿಗಳು ಆನೆಯ ಕಿವಿ ಹಿಂದೆ ಉಜ್ಜೋದು, ಅದು ತುಂಗೆಯ ಹಿನ್ನೀರಲ್ಲಿ ಪಕ್ಕಕ್ಕೆ ಒರಗೋದು, ಎಲ್ಲಾ ಫೋಟೋ. ನಮ್ಮ ಊರಿನ ಒಂದು ಗಲ್ಲಿಯಲ್ಲಿ ರಾತ್ರಿಯಿಡೀ ಹೀಗೊಂದು ನಡೆದರೆ ಪಕ್ಕದ ಬೀದಿಗೂ ಗೊತ್ತಾಗಲ್ಲ. ಇದನ್ನೇ ದೊಡ್ಡದು ಮಾಡು. ಹುರುಳಿ ಪಾತ್ರೆಯದ್ದು ಎರಡನೆಯದು. ಆ ಕೆನ್ನೆ ಒತ್ತಿದ್ದು ಹರಿದು ಹಾಕು.

ಶಿಷ್ಯೆ: ಕೆನ್ನೆ ಒತ್ತಿದ್ದು ನಾನು ಬರೆದೇ ಇಲ್ಲವಲ್ಲ, ನೀವೇ ಊಹಿಸಿಕೊಂಡಿದ್ದು!

ಮೇಷ್ಟ್ರು: ಹೌದಾ? ಹಾಗಾದ್ರೆ ಬರೀಬೇಡ ಅಂತ ಮುಂಚೆಯೇ ಹೇಳಿದ ಹಾಗಾಯ್ತು. ಚೀನಾದ್ದೊಂದು ಸುರುಳಿ ಚಿತ್ರ ಇದೆ, ಅದನ್ನೂ ನೋಡು. ಜಾವೋ ಮೆಂಗ್‌ಫು 1296ರಲ್ಲಿ ಒಬ್ಬ ಕುದುರೆಯಾಳು, ಒಂದು ಕುದುರೆ ಬರೆದ. 1359ರಲ್ಲಿ ಅವನ ಮಗ ಅದೇ ವಿಷಯ ಬರೆದ, ಮೊಮ್ಮಗನೂ ಬರೆದ. ಮೂರನ್ನೂ ಒಂದೇ ಸುರುಳಿಗೆ ಸೇರಿಸಿದ್ದಾರೆ. ಹಿನ್ನೆಲೆ ಇಲ್ಲ, ಮರ ಇಲ್ಲ, ಬೆಟ್ಟ ಇಲ್ಲ. ಆಳು ನಿಂತಿದ್ದಾನೆ, ಕುದುರೆ ನಿಂತಿದೆ, ನಡುವೆ ಒಂದು ಹಗ್ಗ. ನಿನ್ನ ಹಾಳೆಗಳಲ್ಲಿ ಸಾಮಾನು ಜಾಸ್ತಿ. ಬಕೆಟ್ಟು, ಪೊರಕೆ, ಸೈಕಲ್ಲು, ಒಣಗಿದ ಬಟ್ಟೆ.

ಶಿಷ್ಯೆ: ಅವರ ಲಾಯ ಎಂಟಡಿ ಅಗಲ. ಸೈಕಲ್ ಅಲ್ಲೇ ನಿಲ್ಲಬೇಕು, ಬಟ್ಟೆ ಅಲ್ಲೇ ಒಣಗಬೇಕು. ಅದನ್ನ ತೆಗೆದರೆ ಕುದುರೆಗೆ ಎಷ್ಟು ಜಾಗ ಇದೆ ಅನ್ನೋದೇ ತಿಳಿಯಲ್ಲ. ಚೀನಾದವರದ್ದು ದೊಡ್ಡ ಮನೆ ಕುದುರೆ ಇರಬೇಕು.

ಮೇಷ್ಟ್ರು: ಸೈಕಲ್ ಇರಲಿ, ಪೊರಕೆ ತೆಗಿ. ಇದು ಮೇಷ್ಟ್ರ ಹಟ ಅಂದ್ಕೋ. ಚಾಚಾಗೆ ತೋರಿಸಿದೆಯಾ ಇವನ್ನೆಲ್ಲ?

ಶಿಷ್ಯೆ: ಅಲ್ಲೇ ಸಮಸ್ಯೆ ಬಂದಿರೋದು. ಒಂದೊಂದೇ ನೋಡಿದರು. ಗೊರಸು ಸರಿಯಾಗಿದೆ ಅಂದರು. ಹುರುಳಿ ಪಾತ್ರೆ ನೋಡಿ ಚಾಚಿಯನ್ನ ಕೂಗಿ ತೋರಿಸಿದರು. ಹೊಟ್ಟೆಗೆ ಕಿವಿ ಇಟ್ಟದ್ದು ನೋಡಿ ತಲೆ ಆಡಿಸಿದರು, ಮಾತಾಡಲಿಲ್ಲ. ಕೊನೆಗೆ ಏನು ಕೇಳಿದರು ಗೊತ್ತಾ? ‘ಎಲ್ಲಾದರಲ್ಲೂ ನಾನು ಕೆಳಗೇ ಇದೀನಿ. ನನ್ನನ್ನ ಅದರ ಮೇಲೆ ಕೂರಿಸಿ ಒಂದು ಬರಿ. ಪೇಟ ಹಾಕಿ, ಜರಿ ಕೋಟು ಹಾಕಿ, ಕುದುರೆಗೆ ಪೂರ್ತಿ ಅಲಂಕಾರ ಮಾಡಿ.’

ಮೇಷ್ಟ್ರು: ಭೇಷ್!

ಶಿಷ್ಯೆ: ನೀವು ನಗ್ತೀರ. ಸವಾರ ಇಲ್ಲದ ಕುದುರೆ ಬರೀಬೇಕು ಅಂತ ತಾನೇ ನಾನು ಇಷ್ಟೆಲ್ಲ ಮಾಡಿದ್ದು?

ಮೇಷ್ಟ್ರು: ಊರಿನ ಎಷ್ಟು ಗಂಡುಗಳನ್ನ ಆ ಮನುಷ್ಯ ಕೈಹಿಡಿದು ಹತ್ತಿಸಿರಬಹುದು! ಲಗಾಮು ಹಿಡಿದು, ರಿಕಾಪು ಹಿಡಿದು, ಹೆದರೋರಿಗೆ ಧೈರ್ಯ ಹೇಳಿ. ಅವರಿಗೆ ಒಂದು ಸಲ ಮೇಲೆ ಕೂರಬೇಕು ಅನ್ನಿಸಿದರೆ ನಿನ್ನ ಸಿದ್ಧಾಂತಕ್ಕೆ ಏನು ಹೋಗುತ್ತೆ? ಅವರ ಮದುವೆಯಲ್ಲಿ ಹತ್ತಿರಲಿಲ್ಲವಾ?

ಶಿಷ್ಯೆ: ಕೇಳಿದೆ. ಅವರ ಮದುವೆ ದಿನ ಕುದುರೆಯನ್ನ ಬೇರೆ ಮದುವೆಗೆ ಬಾಡಿಗೆಗೆ ಕೊಟ್ಟಿದ್ದರಂತೆ. ಸೀಸನ್ ಅಲ್ವಾ.

ಮೇಷ್ಟ್ರು: ಬರೀಲೇಬೇಕು ಇದನ್ನ. ಉಳಿದವಕ್ಕಿಂತ ದೊಡ್ಡದಾಗಿ, ಅರಮನೆ ಚಿತ್ರದ ಅಳತೆಯಲ್ಲಿ ಬರಿ. ಆದರೆ ಕೈ ಅವರದ್ದೇ ಇರಲಿ. ಹುರುಳಿ ಪಾತ್ರೆಯಲ್ಲಿ ಇಳಿದ ಕೈ. ರಾಜರ ಕೈ ತರಬೇಡ.

ಶಿಷ್ಯೆ: ಕತ್ತಿ ಬೇಕು ಅಂತಲೂ ಹೇಳಿದ್ದಾರೆ.

ಮೇಷ್ಟ್ರು: ಕತ್ತಿ ಕೊಡು. ಪೇಟ ಯಾವ ಬಣ್ಣ ಬೇಕಂತೆ?

ಶಿಷ್ಯೆ: ಗುಲಾಬಿ. ನೀಲಿ ಟಾರ್ಪಾಲಿನ ಬೆಳಕಲ್ಲಿ ಗುಲಾಬಿ ಬಣ್ಣ ಸತ್ತ ಹಾಗೆ ಕಾಣುತ್ತೆ ಮೇಷ್ಟ್ರೇ, ನೇರಳೆ ಆಗಿಬಿಡುತ್ತೆ.

ಮೇಷ್ಟ್ರು: ಹಾಗಾದ್ರೆ ಬೀದಿಗೆ ಕರೆದುಕೊಂಡು ಬಾ. ಬೆಳಗ್ಗೆ ಬೇಗ, ಮಾರ್ಕೆಟ್ ಗಾಡಿಗಳು ಓಡಾಡೋ ಮುಂಚೆ. ಲಗಾಮು ಹಿಡಿಯೋಕೆ ನಾನು ಬರ್ತೀನಿ, ಹೆದರಿಕೆ ಏನಿಲ್ಲ.

ಶಿಷ್ಯೆ: ನೀವಾ? ಹತ್ತಿ ಮರೀದೆ ತನ್ನಿ, ಅದರ ಕಿವಿಗೆ. ನೀವು ಮಾತು ನಿಲ್ಲಿಸಲ್ಲ.